ಬರಿಗಾಲಿನ ಆಟಗಾರರೂ ನಮ್ಮ ತಂದೆಯವರ ಕಾಗದವೂ

ಮಕ್ಕಳನ್ನು ಎದುರಿಗೆ ಹೊಗಳಬಾರದು ಎಂಬುದು ನಮ್ಮ ಹಿರಿಯರಿಂದ ಬಂದ ಮಾತು. ಹೊಗಳಿದರೆ ದೃಷ್ಟಿಯಾಗುತ್ತದೆ ಎಂದು ಹೆಂಗಸರು ಅಂಜುತ್ತಿದ್ದರು. ತಲೆ ತಿರುಗುತ್ತದೆ ಎಂದು ಗಂಡಸರು ಅಂಜುತ್ತಿದ್ದರು. ಹೀಗಾಗಿ ನಮ್ಮ ಅನೇಕ ಮನೆಗಳಲ್ಲಿ ಪ್ರೀತಿಗೆ ಕೊರತೆಯಿಲ್ಲದಿದ್ದರೂ ಮೆಚ್ಚುಗೆಯ ಮಾತಿಗೆ ಮಾತ್ರ ಬಡತನ. ನಾನೂ ಅಂಥ ಮನೆಯಲ್ಲಿಯೇ ಬೆಳೆದವನು. ಮೆಚ್ಚುಗೆಯನ್ನು ಬಾಯಿಬಿಟ್ಟು ಹೇಳಿದರೆ ಏನಾಗುತ್ತದೆ, ಹೇಳದೆ ಎದೆಯೊಳಗೆ ಉಳಿಸಿಕೊಂಡರೆ ಏನಾಗುತ್ತದೆ ಎಂಬುದನ್ನು ನಾನು ಅರಿತದ್ದು ದೂರದ ಕಲ್ಕತ್ತೆಯ ಕಾಲ್ಚೆಂಡಿನ ಅಭಿಮಾನಿಗಳಿಂದ. ಅವರು ನೆನೆಯುತ್ತಿದ್ದುದು ನಮ್ಮ ಬೆಂಗಳೂರಿನ ಆಟಗಾರರೊಬ್ಬರನ್ನು. ಅವರ ಹೆಸರು ಅಹಮದ್ ಖಾನ್. 2017ರ ಆಗಸ್ಟ್ 27ರಂದು, ತಮ್ಮ 90ರ ವಯಸ್ಸಿನಲ್ಲಿ, ಅವರು ಬೆಂಗಳೂರಿನಲ್ಲಿ ತೀರಿಕೊಂಡರು. ಅವರನ್ನು ನೆನೆಯುತ್ತ ನಮ್ಮ ಮನೆಯ ಒಂದು ಸಂಗತಿಯನ್ನೂ ವಾಚಕ ಬಂಧುಗಳ ಮುಂದೆ ಇಡಬೇಕೆಂದು ಈ ಕೆಲವು ಮಾತುಗಳನ್ನು ಬರೆಯುತ್ತಿದ್ದೇನೆ.

ನಮ್ಮದು ಹಾಸನ ಜಿಲ್ಲೆಯ ಚನ್ನರಾಯಪಟ್ಟಣ. ತಂದೆಯವರದು ಕೊಬ್ಬರಿ ವ್ಯಾಪಾರ. ಬೆಳಗಿನ ಜಾವ ಎದ್ದು ಸ್ನಾನ, ಇಷ್ಟಲಿಂಗ ಪೂಜೆ ಮುಗಿಸಿ ಅಂಗಡಿಯ ಬಾಗಿಲು ತೆರೆದರೆ, ದೀಪ ಹಚ್ಚಿ ಲೆಕ್ಕ ಬರೆದ ಮೇಲೆಯೇ ಅವರು ಮನೆಗೆ ಬರುತ್ತಿದ್ದುದು. ತಿಪಟೂರಿನ ಮಾರುಕಟ್ಟೆಗೆ ಹೋಗುವ ದಿನಗಳನ್ನು ಬಿಟ್ಟರೆ ಅವರು ಊರು ಬಿಟ್ಟು ಹೋದದ್ದು ಕಡಿಮೆ. ತಕ್ಕಡಿಯಲ್ಲಿ ಮೋಸವಿಲ್ಲ, ಮಾತಿನಲ್ಲಿ ಸುಳ್ಳಿಲ್ಲ. ಆದರೆ ಆ ಮಾತೇ ಬಹಳ ಕಡಿಮೆ. ನಾನು ಎಸ್.ಎಸ್.ಎಲ್.ಸಿ.ಯಲ್ಲಿ ಪ್ರಥಮ ದರ್ಜೆಯಲ್ಲಿ ತೇರ್ಗಡೆಯಾದ ದಿನವೂ ಅವರು, “ಮುಂದಿನದ್ದು ನೋಡಿಕೊ” ಎಂದಷ್ಟೇ ಹೇಳಿದ್ದರು. ಅವ್ವ ಹೋಳಿಗೆ ಮಾಡಿದ್ದರಿಂದ ತಂದೆಯವರಿಗೆ ಸಂತೋಷವಾಗಿದೆ ಎಂದು ನಾವು ಊಹಿಸಿಕೊಂಡೆವು.

ನನಗಿಂತ ಐದು ವರ್ಷ ಚಿಕ್ಕವನಾದ ತಮ್ಮನಿಗೆ ಓದಿಗಿಂತ ಆಟದಲ್ಲಿ ಮನಸ್ಸು ಹೆಚ್ಚು. ಅದರಲ್ಲೂ ಫುಟ್‌ಬಾಲ್ ಎಂದರೆ ಊಟ ಬೇಡ, ನಿದ್ದೆ ಬೇಡ. ಹೈಸ್ಕೂಲಿನ ಬಯಲಿನಲ್ಲಿ ಸಂಜೆಯ ಬೆಳಕು ಆರುವವರೆಗೂ ಅವನ ಆಟ. ಮನೆಯಲ್ಲಿ ಗೊತ್ತಾಗದಿರಲೆಂದು ಕೈಕಾಲು ತೊಳೆದುಕೊಂಡು ಹಿತ್ತಲ ಬಾಗಿಲಿನಿಂದ ಒಳಗೆ ಬರುತ್ತಿದ್ದ. 1972ರಲ್ಲಿ, ಅವನಿಗೆ ಹದಿನೈದು ವರ್ಷವಾಗಿದ್ದಾಗ, ಅವನನ್ನು ಹಾಸನಕ್ಕೆ ಕರೆದುಕೊಂಡು ಹೋಗಿ ಜಿಲ್ಲೆಯ ಶಾಲಾ ತಂಡದ ಆಯ್ಕೆಯಲ್ಲಿ ಆಡಿಸಬೇಕೆಂದು ಅವನ ವ್ಯಾಯಾಮದ ಮೇಷ್ಟ್ರು ಮನೆಗೇ ಬಂದರು. ತಂದೆಯವರು ಅವರನ್ನು ಗೌರವದಿಂದ ಕೂರಿಸಿದರು, ಕಾಫಿ ಕೊಡಿಸಿದರು, ಎಲ್ಲವನ್ನೂ ಕೇಳಿದರು. ಕೊನೆಗೆ, “ಮೇಷ್ಟ್ರೇ, ಆಟ ಹೊಟ್ಟೆ ತುಂಬಿಸೋದಿಲ್ಲ. ಪರೀಕ್ಷೆ ಮುಗೀಲಿ, ಆಮೇಲೆ ನೋಡೋಣ” ಎಂದರು. ನಮ್ಮ ಮನೆಯಲ್ಲಿ ‘ನೋಡೋಣ’ ಎಂದರೆ ಇಲ್ಲವೆಂದೇ ಅರ್ಥ. ತಮ್ಮ ಅಳಲಿಲ್ಲ, ಎದುರಾಡಲಿಲ್ಲ. ಚೆಂಡನ್ನು ಒಂದು ಗೋಣಿಚೀಲದಲ್ಲಿ ಸುತ್ತಿ ಅಟ್ಟದ ಮೇಲೆ ಹಾಕಿದ. ಓದೂ ಮುಂದುವರಿಯಲಿಲ್ಲ, ಮೂರು ವರ್ಷದ ಮೇಲೆ ಅವನು ಅಂಗಡಿಯಲ್ಲಿಯೇ ಕುಳಿತ. ಅಂದಿನಿಂದ ತಂದೆ ಮಗನ ನಡುವೆ ಕೊಬ್ಬರಿಯ ಧಾರಣೆಯನ್ನು ಬಿಟ್ಟರೆ ಬೇರೆ ಮಾತುಕತೆ ನಡೆದದ್ದನ್ನು ನಾನು ಕಾಣೆ. ಅವ್ವ ಇದಕ್ಕಾಗಿ ಒಳಗೊಳಗೇ ನೊಂದುಕೊಂಡಳು.

ನಾನು ಬ್ಯಾಂಕ್ ನೌಕರಿಗೆ ಸೇರಿದೆ. 1987ರಲ್ಲಿ ಬಡ್ತಿಯೊಡನೆ ಕಲ್ಕತ್ತೆಗೆ ವರ್ಗವಾಯಿತು. ಮೀನಿಲ್ಲದ ಊಟ ದೊರೆಯುವ ಹೋಟೆಲನ್ನು ಹುಡುಕಿಕೊಳ್ಳುವುದೇ ಮೊದಲ ವಾರದ ಕೆಲಸವಾಗಿದ್ದ ನನಗೆ, ನೆರವಿಗೆ ಬಂದವರು ಪಕ್ಕದ ಮೇಜಿನಲ್ಲಿ ಕೂರುತ್ತಿದ್ದ ಒಬ್ಬ ಬಂಗಾಳಿ ಗೆಳೆಯರು. ನಾನು ಕರ್ನಾಟಕದವನು ಎಂದೊಡನೆ ಅವರ ಮುಖ ಅರಳಿತು. “ಹಾಗಾದರೆ ನೀವು ಆಮೆದ್ ಖಾನರ ನಾಡಿನವರು!” ಎಂದರು. ಅಹಮದ್ ಎಂಬುದು ಅವರ ಬಾಯಲ್ಲಿ ಆಮೆದ್. “ಯಾರವರು?” ಎಂದು ನಾನು ಕೇಳಿದೆ. ನಮ್ಮ ಊರಿಗೆ ಬಂದವರೊಬ್ಬರು ಶ್ರವಣಬೆಳಗೊಳದ ಗೊಮ್ಮಟನ ಹೆಸರನ್ನೇ ಕೇಳಿಲ್ಲವೆಂದರೆ ನಾವು ಹೇಗೆ ನೋಡುತ್ತೇವೆಯೋ ಹಾಗೆ ಅವರು ನನ್ನನ್ನು ನೋಡಿದರು. ಕೋಪಿಸಿಕೊಳ್ಳಲಿಲ್ಲ. ಮರುದಿನದಿಂದ ಊಟದ ವಿರಾಮದಲ್ಲಿ ನನಗೆ ಪಾಠ ಆರಂಭವಾಯಿತು.

ಆ ಪಾಠವನ್ನು ಅರ್ಥಮಾಡಿಕೊಳ್ಳಲು ಬಂಗಾಳದ ಸ್ಥಿತಿಯನ್ನು ಸ್ವಲ್ಪ ತಿಳಿಯಬೇಕು. ಈಸ್ಟ್ ಬೆಂಗಾಲ್ ಎಂಬ ಫುಟ್‌ಬಾಲ್ ಕ್ಲಬ್ಬು ಕಲ್ಕತ್ತೆಯಲ್ಲಿ 1920ರಲ್ಲಿ ಸ್ಥಾಪನೆಯಾದದ್ದು. ಹೆಸರೇ ಹೇಳುವಂತೆ ಅದು ಪೂರ್ವ ಬಂಗಾಳದಿಂದ ಬಂದವರ ಅಭಿಮಾನದ ಸಂಸ್ಥೆ. 1947ರ ದೇಶವಿಭಜನೆಯಲ್ಲಿ ಪೂರ್ವ ಬಂಗಾಳ ಪಾಕಿಸ್ತಾನಕ್ಕೆ ಸೇರಿತು. ಮನೆ, ಗದ್ದೆ, ಕೆರೆ, ದೇವರ ಕೋಣೆ ಎಲ್ಲವನ್ನೂ ಬಿಟ್ಟು ಲಕ್ಷಾಂತರ ಜನ ಕಲ್ಕತ್ತೆಯ ರೈಲು ನಿಲ್ದಾಣಗಳಲ್ಲಿ ಬಂದಿಳಿದರು. ನನ್ನ ಗೆಳೆಯರ ತಂದೆಯೂ ಹಾಗೆ ಬಂದವರೇ; ನಗರದ ದಕ್ಷಿಣಕ್ಕೆ ಜಾದವಪುರದ ಕಡೆ ತಟ್ಟಿಯ ಗೋಡೆಯ ಮನೆಯಲ್ಲಿ ಸಂಸಾರ ಹೂಡಿದವರು. ಊರಿನಲ್ಲಿ ಜಮೀನ್ದಾರಿಕೆಯ ಲೆಕ್ಕ ಬರೆಯುತ್ತಿದ್ದವರು ಇಲ್ಲಿ ಪಡಿತರದ ಸಾಲಿನಲ್ಲಿ ನಿಂತರು. ಎಲ್ಲ ಕಡೆಯೂ ಸೋತವರಿಗೆ ಗೆಲುವೆಂಬುದನ್ನು ಕಾಣಲು ಇದ್ದ ಒಂದೇ ಸ್ಥಳವೆಂದರೆ ಮೈದಾನದಲ್ಲಿದ್ದ ತಮ್ಮ ಕ್ಲಬ್ಬಿನ ಅಂಗಳ.

ಆ ಗೆಲುವನ್ನು ತಂದುಕೊಟ್ಟವರು ಐವರು ಮುಂಚೂಣಿಯ ಆಟಗಾರರು. ವೆಂಕಟೇಶ್, ಅಪ್ಪಾರಾವ್, ಧನರಾಜ್, ಅಹಮದ್ ಖಾನ್, ಸಾಲೆ. ಐವರಲ್ಲಿ ಒಬ್ಬರೂ ಬಂಗಾಳಿಗಳಲ್ಲ. ಎಲ್ಲರೂ ನಮ್ಮ ದಕ್ಷಿಣದವರು. ಅದರಲ್ಲಿ ಧನರಾಜ್ ಮತ್ತು ಅಹಮದ್ ಖಾನ್ ಬೆಂಗಳೂರಿನವರು. ಬಂಗಾಳದ ಜನ ಇವರನ್ನು ಪಂಚಪಾಂಡವರೆಂದು ಕರೆದರು. ವನವಾಸದಲ್ಲಿರುವವರು ಪಾಂಡವರನ್ನು ನೆನೆದದ್ದು ಸಹಜವೇ. 1949, 1950, 1951, ಹೀಗೆ ಮೂರು ವರ್ಷ ಒಂದೇ ಸಮನೆ ಐ.ಎಫ್.ಎ. ಶೀಲ್ಡನ್ನು ಈಸ್ಟ್ ಬೆಂಗಾಲ್ ಗೆದ್ದಿತು. 1951 ಮತ್ತು 1952ರಲ್ಲಿ ದೆಹಲಿಯ ಡ್ಯೂರಾಂಡ್ ಕಪ್ ಸಹ ಅವರದಾಯಿತು. ಉಳಿದವರು ಒಬ್ಬೊಬ್ಬರಾಗಿ ತಂಡ ಬಿಟ್ಟ ಮೇಲೂ ಅಹಮದ್ ಖಾನ್ ಅದೇ ಕೆಂಪು-ಹೊಂಬಣ್ಣದ ಅಂಗಿಯಲ್ಲಿ ಸುಮಾರು ಹತ್ತು ವರ್ಷ ಆಡಿದರು.

“ನನ್ನ ತಂದೆ ನನ್ನನ್ನು ಹೆಗಲ ಮೇಲೆ ಕೂರಿಸಿಕೊಂಡು ಮೈದಾನಕ್ಕೆ ಕರೆದುಕೊಂಡು ಹೋಗುತ್ತಿದ್ದರು” ಎಂದು ಗೆಳೆಯರು ಹೇಳಿದರು. “ಗೆದ್ದ ದಿನ ದಾರಿಯುದ್ದಕ್ಕೂ ಅಪರಿಚಿತರ ಜೊತೆಯೂ ಮಾತನಾಡುತ್ತಿದ್ದರು. ಬೇರೆ ದಿನ ಅವರು ಮಾತೇ ಆಡುತ್ತಿರಲಿಲ್ಲ.” ಈ ಮಾತನ್ನು ಕೇಳಿದಾಗ ನನಗೆ ಚನ್ನರಾಯಪಟ್ಟಣದ ಅಂಗಡಿಯಲ್ಲಿ ಮೌನವಾಗಿ ಕುಳಿತ ಇನ್ನೊಬ್ಬ ತಂದೆಯ ನೆನಪಾಯಿತು.

1988ರ ಮಳೆಗಾಲದಲ್ಲಿ ಒಂದು ಸಂಜೆ ಅವರು ನನ್ನನ್ನು ಆ ಕ್ಲಬ್ಬಿನ ಅಂಗಳಕ್ಕೆ ಕರೆದೊಯ್ದರು. ಅಂದು ಪಂದ್ಯವಿರಲಿಲ್ಲ, ಆಟಗಾರರ ಅಭ್ಯಾಸ ನಡೆದಿತ್ತು. ಮೆಟ್ಟಿಲಿನ ಮೇಲೆ ಏಳೆಂಟು ಮಂದಿ ವೃದ್ಧರು, ಒಬ್ಬೊಬ್ಬರ ಪಕ್ಕದಲ್ಲಿ ಒಂದೊಂದು ಕೊಡೆ. ಅಚ್ಚುಕೂಟದಲ್ಲಿ ಮೊಳೆ ಜೋಡಿಸುತ್ತಿದ್ದು ನಿವೃತ್ತರಾದವರೊಬ್ಬರು, ಟ್ರಾಮ್ ಕಂಡಕ್ಟರ್ ಆಗಿದ್ದವರೊಬ್ಬರು, ಶಾಲೆಯ ಮಾಸ್ತರರೊಬ್ಬರು. ಗೆಳೆಯರು ನನ್ನನ್ನು ಪರಿಚಯಿಸಿದ ರೀತಿ ವಿಚಿತ್ರವಾಗಿತ್ತು: “ಇವರು ಆಮೆದ್‌ನ ಕಡೆಯವರು.” ಅಷ್ಟು ಸಾಕಾಯಿತು. ಮದುವೆಯ ಮನೆಯಲ್ಲಿ ಬೀಗರಿಗೆ ಜಾಗ ಮಾಡಿಕೊಡುವಂತೆ ಎಲ್ಲರೂ ಸರಿದು ನನ್ನನ್ನು ನಡುವೆ ಕೂರಿಸಿಕೊಂಡರು.

ಆಮೇಲೆ ಮಾತೋ ಮಾತು. ನನಗೆ ಬಂಗಾಳಿ ಬಾರದು, ಗೆಳೆಯರು ತಿಳಿಸುತ್ತಿದ್ದರು. ಚೆಂಡು ಅಹಮದ್ ಖಾನರ ಪಾದಕ್ಕೆ ಬಂದರೆ ಎದುರಾಳಿಗಳು ಪುಂಗಿಯ ಮುಂದಿನ ಹಾವಿನಂತೆ ಆಗಿಬಿಡುತ್ತಿದ್ದರಂತೆ. ಅದಕ್ಕೇ ಅವರಿಗೆ ‘ಹಾವಾಡಿಗ’ ಎಂಬ ಹೆಸರು. ಬರಿಗಾಲಿನಲ್ಲಿ ಬೆರಳುಗಳಿಂದ ಚೆಂಡನ್ನು ಹೇಗೆ ಹಿಡಿದು ಎಳೆಯುತ್ತಿದ್ದರು ಎಂಬುದನ್ನು ತೋರಿಸಲು ಆ ಮೊಳೆ ಜೋಡಿಸುವ ಅಜ್ಜ ಎದ್ದು ನಿಂತು ತಮ್ಮ ಚಪ್ಪಲಿ ಬಿಟ್ಟರು. ಎಪ್ಪತ್ತು ದಾಟಿದ ಆ ಕಾಲು ಇಲ್ಲದ ಚೆಂಡನ್ನು ಎಡಕ್ಕೆಳೆದು ಬಲಕ್ಕೆ ತಳ್ಳಿತು. ಉಳಿದವರು, “ಹೌದು, ಹೀಗೆಯೇ, ಥೇಟ್ ಹೀಗೆಯೇ!” ಎಂದು ಕೂಗಿದರು. ಮೂವತ್ತು ವರ್ಷದ ಹಿಂದೆ ಆಟ ನಿಲ್ಲಿಸಿದ, ತಮ್ಮ ಜಾತಿಯವನಲ್ಲದ, ತಮ್ಮ ಮತದವನಲ್ಲದ, ತಮ್ಮ ಭಾಷೆಯವನೂ ಅಲ್ಲದ ಒಬ್ಬ ಮನುಷ್ಯನಿಗಾಗಿ ಆ ಮುದುಕರ ಕಣ್ಣುಗಳು ಒದ್ದೆಯಾದದ್ದನ್ನು ನಾನು ನೋಡಿದೆ. ಇವರಿಂದ ಅವರಿಗೆ ಬರಬೇಕಾದದ್ದು ಏನೂ ಇರಲಿಲ್ಲ. ಅವರಿಂದ ಇವರಿಗೂ ಬರಬೇಕಾದದ್ದು ಏನೂ ಇರಲಿಲ್ಲ. ಬಾಕಿ ಏನೂ ಇಲ್ಲದಿದ್ದರೂ ಋಣ ಉಳಿದಿರುವುದೆಂದರೆ ಇದೇ ಎಂದು ನನಗನ್ನಿಸಿತು.

ಅಲ್ಲಿಯೇ ನನಗೆ ಅಹಮದ್ ಖಾನರ ಸಾಧನೆಯ ವಿವರ ತಿಳಿದದ್ದು. ಅವರು ಹುಟ್ಟಿದ್ದು 1926ರ ಡಿಸೆಂಬರ್ 24ರಂದು, ಬೆಂಗಳೂರಿನಲ್ಲಿ. ಸ್ವತಂತ್ರ ಭಾರತದ ತಂಡ ಮೊದಲ ಬಾರಿಗೆ ಒಲಿಂಪಿಕ್ಸಿನಲ್ಲಿ ಆಡಿದ್ದು 1948ರ ಜುಲೈ 31ರಂದು, ಲಂಡನ್ನಿನ ಇಲ್‌ಫೋರ್ಡಿನಲ್ಲಿ, ಫ್ರಾನ್ಸಿನ ವಿರುದ್ಧ. ನಮ್ಮ ಹುಡುಗರಲ್ಲಿ ಹೆಚ್ಚಿನವರು ಬರಿಗಾಲಿನಲ್ಲಿ ಆಡಿದರು. ನಮಗೆ ಸಿಕ್ಕಿದ್ದ ಎರಡು ಪೆನಾಲ್ಟಿಗಳು ವ್ಯರ್ಥವಾದವು. ಆಟ ಮುಗಿಯಲು ಇನ್ನೇನು ನಿಮಿಷವಿದೆ ಎನ್ನುವಾಗ ಎದುರಾಳಿ ಗೋಲು ಹೊಡೆದು 2-1ರಿಂದ ಗೆದ್ದರು. ಅಂದು ಭಾರತದ ಪರವಾಗಿ ಗೋಲು ಹೊಡೆದವರು ಬೆಂಗಳೂರಿನವರೇ ಆದ ಸಾರಂಗಪಾಣಿ ರಾಮನ್. ಒಲಿಂಪಿಕ್ಸಿನಲ್ಲಿ ಭಾರತದ ಮೊದಲ ಗೋಲು ಅದು. 1951ರಲ್ಲಿ ದೆಹಲಿಯ ಮೊದಲ ಏಷ್ಯನ್ ಕ್ರೀಡಾಕೂಟದಲ್ಲಿ ಇರಾನನ್ನು 1-0ರಿಂದ ಸೋಲಿಸಿ ಚಿನ್ನ ಗೆದ್ದ ತಂಡದಲ್ಲಿ ಅಹಮದ್ ಖಾನ್ ಇದ್ದರು. 1952ರ ಹೆಲ್ಸಿಂಕಿ ಒಲಿಂಪಿಕ್ಸಿನಲ್ಲಿ ಯುಗೊಸ್ಲಾವಿಯ ನಮ್ಮನ್ನು 10-1ರಿಂದ ಮಣಿಸಿತು. ಆ ಒಂದು ಗೋಲು, ಆಟದ ಕೊನೆಯ ನಿಮಿಷಗಳಲ್ಲಿ, ಅಹಮದ್ ಖಾನರದು. ಬರಿಗಾಲಿನ ಕಾಲ ಮುಗಿಯಿತೆಂದು ತಿಳಿಸಿದ ಪಂದ್ಯ ಅದು. ಅದರ ನಂತರ ನಮ್ಮ ದೇಶದಲ್ಲಿ ಬೂಟು ಕಡ್ಡಾಯವಾಯಿತು. ಹತ್ತು ಗೋಲುಗಳ ಸೋಲಿನಲ್ಲಿಯೂ ಆಟ ಬಿಡದೆ ಕೊನೆಯಲ್ಲಿ ಒಂದನ್ನು ಹೊಡೆದವನನ್ನು, ಎಲ್ಲವನ್ನೂ ಕಳೆದುಕೊಂಡು ಬಂದ ಜನ ಹೇಗೆ ಮರೆತಾರು? ಮಾಡುವ ಕಾಯಕವನ್ನು ಫಲ ನೋಡಿ ಬಿಡಬಾರದು ಎಂದು ನಾವು ಹೇಳುತ್ತೇವಲ್ಲ, ಅದನ್ನು ಅವರು ಕಣ್ಣಾರೆ ಕಂಡಿದ್ದರು.

ಇಷ್ಟನ್ನೂ ತಿಳಿದ ಮೇಲೆ, ಆ ರಾತ್ರಿಯೇ ಒಂದು ಇನ್‌ಲ್ಯಾಂಡ್ ಕಾಗದದಲ್ಲಿ ತಂದೆಯವರಿಗೆ ಎಲ್ಲವನ್ನೂ ಬರೆದೆ. ಏಕೆ ಬರೆದೆನೋ ತಿಳಿಯದು. ನಮ್ಮ ನಾಡಿನವರ ಹೆಸರನ್ನು ಪರದೇಶದಲ್ಲಿ ಕೇಳಿದ ಸಂತೋಷವಿರಬೇಕು. ‘ಕೊಬ್ಬರಿ ಧಾರಣೆ ಇಷ್ಟು, ಮಳೆ ಇಷ್ಟು, ಅವ್ವನಿಗೆ ಮಂಡಿ ನೋವು’ ಎಂದು ನಾಲ್ಕು ಸಾಲಿನ ಉತ್ತರ ಬರುವುದೆಂದು ಎಣಿಸಿದ್ದೆ. ಹದಿನೈದು ದಿನಗಳ ಮೇಲೆ ಬಂದದ್ದು ಲೆಕ್ಕದ ಪುಸ್ತಕದಿಂದ ಹರಿದ ಮೂರು ಹಾಳೆಗಳ ಕಾಗದ. ತಂದೆಯವರು ತಮ್ಮ ಜೀವಮಾನದಲ್ಲಿ ನನಗೆ ಬರೆದ ದೀರ್ಘ ಪತ್ರ ಅದೊಂದೇ.

ಅಹಮದ್ ಖಾನರನ್ನು ನಮ್ಮ ತಂದೆಯವರು ನೋಡಿದ್ದರು! ಯುದ್ಧದ ಕಾಲದಲ್ಲಿ ನಮ್ಮ ಅಜ್ಜ ಅವರನ್ನು ಇಂಟರ್‌ಮೀಡಿಯೆಟ್ ಓದಲು ಬೆಂಗಳೂರಿಗೆ ಕಳಿಸಿದ್ದರು. ಇದ್ದಿಲಿನ ಗ್ಯಾಸಿನಿಂದ ಓಡುವ ಬಸ್ಸಿನಲ್ಲಿ ನುಗ್ಗೇಹಳ್ಳಿಯ ಮೇಲೆ ತಿಪಟೂರಿಗೆ ಹೋಗಿ, ಅಲ್ಲಿಂದ ರೈಲಿನಲ್ಲಿ ಬೆಂಗಳೂರು ಸೇರಿದ ಹುಡುಗ, ಸಮಾಜದ ವಿದ್ಯಾರ್ಥಿನಿಲಯದಲ್ಲಿ ಇಳಿದುಕೊಂಡ. ದಂಡಿನ ಪ್ರದೇಶದಲ್ಲಿ ಬ್ರಿಟಿಷ್ ಸೈನಿಕರಿಂದ ಫುಟ್‌ಬಾಲ್ ಕಲಿತ ಬೆಂಗಳೂರಿನ ಹುಡುಗರು ಆಗಲೇ ದೇಶಕ್ಕೆ ಹೆಸರಾಗಿದ್ದರು. ಬೊಂಬಾಯಿಯ ರೋವರ್ಸ್ ಕಪ್ಪನ್ನು ಮೊದಲು ಗೆದ್ದ ಭಾರತೀಯ ತಂಡ ಬೆಂಗಳೂರು ಮುಸ್ಲಿಮ್ಸ್. 1937ರಲ್ಲಿ ಗೆದ್ದದ್ದಲ್ಲದೆ 1938ರಲ್ಲೂ ಅದನ್ನು ಉಳಿಸಿಕೊಂಡಿತು. ಅದೇ ತಂಡದಲ್ಲಿ ಮುಂದೆ ಆಡಿದವರು ಅಹಮದ್ ಖಾನ್. ಶನಿವಾರ ಸಂಜೆ ವಿದ್ಯಾರ್ಥಿನಿಲಯದಿಂದ ದಂಡಿನವರೆಗೂ ನಡೆದುಹೋಗಿ, ಹಗ್ಗದ ಆಚೆ ನಿಂತು ತಂದೆಯವರು ಆಟ ನೋಡುತ್ತಿದ್ದರು. ತನ್ನದೇ ವಯಸ್ಸಿನ ಹುಡುಗನೊಬ್ಬ ಬರಿಗಾಲಿನಲ್ಲಿ ಚೆಂಡನ್ನು ಕಟ್ಟಿಕೊಂಡವನಂತೆ ಓಡುವುದನ್ನು ಕಂಡು, ಮರಳಿ ಬರುವ ದಾರಿಯಲ್ಲಿ ತಾವೂ ಒಂದು ಕಲ್ಲನ್ನು ಒದೆಯುತ್ತ ಬರುತ್ತಿದ್ದರಂತೆ. ಆಟದ ಹುಚ್ಚಿನಲ್ಲಿ ಪರೀಕ್ಷೆ ಹೋಯಿತು. ಅಜ್ಜ ಬಂದು, ಬಯ್ಯದೆ, ಹೊಡೆಯದೆ, ಹಾಸಿಗೆ ಸುತ್ತಿಸಿ ಊರಿಗೆ ಕರೆತಂದು ಅಂಗಡಿಯಲ್ಲಿ ಕೂರಿಸಿದರು. 1946-47ರ ಸಂತೋಷ್ ಟ್ರೋಫಿಯನ್ನು ಬೆಂಗಳೂರಿನಲ್ಲಿಯೇ ನಮ್ಮ ಮೈಸೂರು ತಂಡ ಬಂಗಾಳವನ್ನು ಸೋಲಿಸಿ ಗೆದ್ದಾಗ, ತಂದೆಯವರು ಆ ಸುದ್ದಿಯನ್ನು ಕೊಬ್ಬರಿ ಮೂಟೆಯ ಮೇಲೆ ಕುಳಿತು ಪತ್ರಿಕೆಯಲ್ಲಿ ಓದಿದರು. ಯಾರಿಗೂ ಹೇಳಲಿಲ್ಲ. ನಮ್ಮ ಅವ್ವನಿಗೂ ತಿಳಿದಿರಲಿಲ್ಲ.

ಕಾಗದದ ಕೊನೆಯಲ್ಲಿದ್ದ ಮಾತುಗಳನ್ನು ಅವರು ಬರೆದಂತೆಯೇ ಕೊಡುತ್ತೇನೆ: “ನಿನ್ನ ತಮ್ಮನನ್ನು ಹಾಸನಕ್ಕೆ ಕಳಿಸಲಿಲ್ಲವೆಂದು ನೀವೆಲ್ಲ ನನ್ನನ್ನು ಕಲ್ಲೆಂದು ತಿಳಿದಿರಿ. ಮೇಷ್ಟ್ರು ಮನೆಗೆ ಬರುವ ಮೊದಲೇ ನಾನು ಒಂದು ಸಂಜೆ ಹೈಸ್ಕೂಲಿನ ಗೋಡೆಯ ಮರೆಯಲ್ಲಿ ನಿಂತು ಅವನ ಆಟ ನೋಡಿದ್ದೆ. ಬಹಳ ಚೆನ್ನಾಗಿ ಆಡುತ್ತಿದ್ದ. ನೋಡಿ ಸಂತೋಷವಾಯಿತು, ಭಯವೂ ಆಯಿತು. ಚೆನ್ನಾಗಿ ಆಡುತ್ತೀಯೆ ಎಂದು ಹೇಳಿದ್ದರೆ ಅವನು ಬಿಡುತ್ತಿರಲಿಲ್ಲ. ಅದಕ್ಕೇ ಹೇಳಲಿಲ್ಲ. ಈ ಮಾತು ನಿನ್ನಲ್ಲೇ ಇರಲಿ.”

ಅದು ನನ್ನಲ್ಲಿಯೇ ಉಳಿಯಿತು. 1990ರಲ್ಲಿ ನನಗೆ ಬೆಂಗಳೂರಿಗೆ ವರ್ಗವಾಯಿತು. 1994ರಲ್ಲಿ ತಂದೆಯವರು ಲಿಂಗೈಕ್ಯರಾದರು. ಆಗಲೂ ಆ ಕಾಗದವನ್ನು ತಮ್ಮನಿಗೆ ತೋರಿಸಲಿಲ್ಲ. ತಂದೆಯವರ ಆಣತಿ ಎಂಬ ನೆಪ ನನಗಿತ್ತು. ಆದರೆ ಈ ವಯಸ್ಸಿನಲ್ಲಿ ಸುಳ್ಳು ಹೇಳಿ ಆಗಬೇಕಾದದ್ದೇನು? ನಿಜವಾದ ಕಾರಣ ಬೇರೆಯಿತ್ತು. ಓದಿ ಮುಂದೆ ಬಂದವನು ನಾನು, ಸಂಬಳದಲ್ಲಿ ಮನೆಗೆ ಹಣ ಕಳಿಸಿದವನು ನಾನು. ‘ಬಹಳ ಚೆನ್ನಾಗಿ’ ಎಂಬ ಮಾತನ್ನು ತಂದೆಯವರು ಬರೆದದ್ದು ಮಾತ್ರ ತಮ್ಮನನ್ನು ಕುರಿತು. ನನ್ನನ್ನು ಕುರಿತು ಅವರು ಎಂದೂ ಹಾಗೆ ಬರೆದಿರಲಿಲ್ಲ. ಆ ಒಂದು ಮಾತನ್ನು ಅದರ ಒಡೆಯನಿಗೆ ಒಪ್ಪಿಸಲು ನನ್ನ ಕೈ ಏಳಲಿಲ್ಲ. ಹಣದ ವಿಷಯದಲ್ಲಿ ಒಂದು ಪೈಸೆಯನ್ನೂ ಹೆಚ್ಚುಕಡಿಮೆ ಮಾಡದ ನಾನು, ತಮ್ಮನ ಹೆಸರಿಗೆ ಬಂದ ಠೇವಣಿಯನ್ನು ಇಪ್ಪತ್ತೊಂಬತ್ತು ವರ್ಷ ನನ್ನ ಪೆಟ್ಟಿಗೆಯಲ್ಲಿ ಇಟ್ಟುಕೊಂಡೆ.

ಕಲ್ಕತ್ತೆಯ ಗೆಳೆಯರು ವರ್ಷಕ್ಕೊಮ್ಮೆಯಾದರೂ ಕಾಗದ ಬರೆಯುತ್ತಿದ್ದರು. ಮುಂದೆ ಫೋನು ಮಾಡುತ್ತಿದ್ದರು. ಪ್ರತಿ ಬಾರಿಯೂ ಒಂದೇ ಪ್ರಶ್ನೆ: “ಆಮೆದ್‌ರನ್ನು ನೋಡಿದಿರಾ? ನಮ್ಮ ನಮಸ್ಕಾರ ತಿಳಿಸಿದಿರಾ?” ಅವರು ನಮ್ಮದೇ ಬೆಂಗಳೂರಿನಲ್ಲಿದ್ದರು. ಸಿಟಿ ಬಸ್ಸಿನಲ್ಲಿ ಹೋಗಿ ಬರಬಹುದಾಗಿತ್ತು. “ಮುಂದಿನ ತಿಂಗಳು ಹೋಗುತ್ತೇನೆ” ಎಂದು ನಾನು ಹೇಳುತ್ತಿದ್ದೆ. ತಂದೆಯವರ ‘ನೋಡೋಣ’ ನನ್ನ ಬಾಯಿಗೂ ಬಂದಿತ್ತು. 2012ರಲ್ಲಿ ನಿವೃತ್ತನಾಗಿ ಊರಿಗೆ ಮರಳಿದೆ. ಆ ಮುಂದಿನ ತಿಂಗಳು ಬರಲೇ ಇಲ್ಲ.

2017ರ ಗಣೇಶನ ಹಬ್ಬ ಆಗಸ್ಟ್ 25ರಂದು. ಹಬ್ಬ ಕಳೆದು ಎರಡು ದಿನವಾಗಿತ್ತು. ಊರಿನ ಗಣಪತಿ ಪೆಂಡಾಲಿನಿಂದ ಹಾಡು ಕೇಳಿಬರುತ್ತಿತ್ತು. ತಮ್ಮನ ಮನೆಯ ಜಗಲಿಯಲ್ಲಿ ನಾವಿಬ್ಬರೂ ಕುಳಿತಿದ್ದಾಗ ಕೊಲ್ಕತ್ತದಿಂದ ಫೋನು ಬಂತು. ಗೆಳೆಯರ ದನಿ ನಡುಗುತ್ತಿತ್ತು. “ದಾದಾ, ಆಮೆದ್ ಹೊರಟುಹೋದರು. ಇಲ್ಲಿ ನಾವೆಲ್ಲ ಅವರ ಮಾತನ್ನೇ ಆಡುತ್ತಿದ್ದೇವೆ. ನಿಮಗೆ ಸಮಾಧಾನ ಹೇಳೋಣವೆಂದು ಮಾಡಿದೆ” ಎಂದರು. ನನಗೆ ಸಮಾಧಾನ! ಅವರ ದೃಷ್ಟಿಯಲ್ಲಿ ನಾನು ಆ ಮನೆಯ ಬಂಧು. ಇಪ್ಪತ್ತೇಳು ವರ್ಷ ಒಮ್ಮೆಯೂ ಹೋಗಿ ನೋಡದ ಬಂಧು. ನಾಚಿಕೆಯಿಂದ ನನಗೆ ಮಾತು ಹೊರಡಲಿಲ್ಲ.

“ಯಾರು ಅಣ್ಣಯ್ಯ, ಯಾರು ಹೋದದ್ದು?” ಎಂದು ತಮ್ಮ ಕೇಳಿದ. ಎದ್ದು ನನ್ನ ಮನೆಗೆ ಹೋಗಿ ಪೆಟ್ಟಿಗೆಯಿಂದ ಆ ಕಾಗದವನ್ನು ತಂದೆ. ಮಡಿಕೆಗಳಲ್ಲಿ ಹರಿದಿತ್ತು. ಅವನ ಕನ್ನಡಕ ಒಳಗಿದ್ದುದರಿಂದ ನಾನೇ ಓದಿದೆ. ಬೆಂಗಳೂರಿನ ವಿದ್ಯಾರ್ಥಿನಿಲಯ, ಹಗ್ಗದ ಆಚೆ ನಿಂತದ್ದು, ಕಲ್ಲನ್ನು ಒದೆಯುತ್ತ ಬಂದದ್ದು ಇವನ್ನೆಲ್ಲ ಅವನು ಕಥೆ ಕೇಳುವಂತೆ ಕೇಳಿದ. ಗೋಡೆಯ ಮರೆಯ ಮಾತು ಬಂದಾಗ ಕೈಯೆತ್ತಿ ನನ್ನನ್ನು ತಡೆದ. “ಅದನ್ನ ಇನ್ನೊಂದು ಸಲ ಓದು” ಎಂದ. ಓದಿದೆ. ಮತ್ತೊಮ್ಮೆ ಓದಿಸಿದ. ಅರವತ್ತು ವರ್ಷದ ನನ್ನ ತಮ್ಮ, ತಂದೆಯವರು ತೀರಿಕೊಂಡ ದಿನವೂ ಎಲ್ಲರೆದುರಿಗೆ ಅಳದಿದ್ದವನು, ಪಂಚೆಯ ಅಂಚಿನಿಂದ ಕಣ್ಣೊರಸಿಕೊಂಡ. ಬಹಳ ಹೊತ್ತಿನ ಮೇಲೆ, “ಅಪ್ಪಾಜಿ ನೋಡಿದ್ರು ಅಂತ ಗೊತ್ತಿದ್ದಿದ್ರೆ ಸಾಕಾಗಿತ್ತು ಅಣ್ಣಯ್ಯ. ಆಡೋಕೆ ಬಿಡದೇ ಇದ್ದರೂ ಚಿಂತೆ ಇರಲಿಲ್ಲ” ಎಂದ. ಇಷ್ಟು ದಿನ ಏಕೆ ತೋರಿಸಲಿಲ್ಲ ಎಂದು ನನ್ನನ್ನು ಕೇಳಲಿಲ್ಲ. ಕೇಳಿದ್ದರೆ ಹಗುರವಾಗುತ್ತಿತ್ತು. ಕಾರಣವನ್ನು ನಾನೇ ಹೇಳಿದೆ. ಅವನು ಸುಮ್ಮನೆ ನನ್ನ ಮೊಣಕಾಲಿನ ಮೇಲೆ ಕೈಯಿಟ್ಟ.

ನಮ್ಮ ಊರಿಗೆ ಆ ವರ್ಷದ ಮಾರ್ಚ್ ತಿಂಗಳಲ್ಲಷ್ಟೇ ಬೆಂಗಳೂರು-ಹಾಸನದ ಹೊಸ ರೈಲು ಬಂದಿತ್ತು. ಒಂದು ವಾರದ ನಂತರ ನಾವಿಬ್ಬರೂ ಅದರಲ್ಲಿ ಬೆಂಗಳೂರಿಗೆ ಹೋದೆವು. ತೀರಿಹೋದವರ ಮನೆಯನ್ನು ಹುಡುಕಿಕೊಂಡು ಹೋಗಿ ಅವರ ದುಃಖದ ನಡುವೆ ನಿಲ್ಲುವ ಧೈರ್ಯವಾಗಲಿಲ್ಲ. ಬದುಕಿದ್ದಾಗ ಹೋಗದವರಿಗೆ ಆ ಹಕ್ಕೂ ಇಲ್ಲ. ಹಲಸೂರಿನ ಸಮೀಪ, ಫುಟ್‌ಬಾಲಿಗೆ ಹೆಸರಾದ ಗೌತಮಪುರದ ಬೀದಿಯಲ್ಲಿ ಸ್ವಲ್ಪ ಹೊತ್ತು ನಿಂತೆವು. ಬ್ರೆಜಿಲ್ಲಿನ ಪೆಲೆಯ ಪ್ರತಿಮೆಯನ್ನು ಜನ ಅಲ್ಲಿ ಅಭಿಮಾನದಿಂದ ನಿಲ್ಲಿಸಿಕೊಂಡಿದ್ದಾರೆ. ಹುಡುಗರು ಚೆಂಡಾಡುತ್ತಿದ್ದರು. ತಮ್ಮ ಅವರಲ್ಲಿ ಒಬ್ಬನ ಆಟವನ್ನು ನೋಡುತ್ತಿದ್ದು, ಹತ್ತಿರ ಹೋಗಿ, “ಚೆನ್ನಾಗಿ ಆಡ್ತೀಯ ಮಗು” ಎಂದು ಹೇಳಿ ಬಂದ. ಹುಡುಗ ಬೆರಗಾಗಿ ನಕ್ಕ. ನಾವು ಅಂದು ಸಲ್ಲಿಸಿದ ಶ್ರದ್ಧಾಂಜಲಿ ಅಷ್ಟೇ.

ಊರಿಗೆ ಬಂದ ಮೇಲೆ ತಮ್ಮ ಅಟ್ಟದಲ್ಲಿದ್ದ ಗೋಣಿಚೀಲವನ್ನು ಕೆಳಗಿಳಿಸಿದ. ಒಳಗಿನ ಚೆಂಡಿನ ಚರ್ಮ ಇಲಿ ತಿಂದು ಹೋಗಿತ್ತು. ಮೊಮ್ಮಗನಿಗೆ ಹೊಸದೊಂದನ್ನು ತಂದುಕೊಟ್ಟ. ಸಂಜೆ ಅಂಗಡಿಯನ್ನು ಮಗನಿಗೆ ಬಿಟ್ಟು ತಾನೂ ಬಯಲಿಗೆ ಹೋಗಿ, ಮರೆಯಲ್ಲಿ ಅಲ್ಲ, ಎಲ್ಲರಿಗೂ ಕಾಣುವ ಹಾಗೆ ನಿಂತು, “ಭೇಷ್ ಮಗಾ!” ಎಂದು ಕೂಗತೊಡಗಿದ. ಆ ಹುಡುಗ ದೊಡ್ಡ ಆಟಗಾರನಾಗುತ್ತಾನೆಂದು ನಮಗೇನೂ ಭ್ರಮೆಯಿಲ್ಲ. ಅವನ ಓದೂ ಕೆಟ್ಟಿಲ್ಲ. 2023ರ ಮಾರ್ಚ್ 4ರಂದು, ಸೌದಿ ಅರೇಬಿಯಾದ ರಿಯಾದಿನಲ್ಲಿ, ಮೇಘಾಲಯವನ್ನು 3-2ರಿಂದ ಸೋಲಿಸಿ ಕರ್ನಾಟಕ 54 ವರ್ಷಗಳ ನಂತರ ಸಂತೋಷ್ ಟ್ರೋಫಿಯನ್ನು ಗೆದ್ದಾಗ ಅಜ್ಜ ಮೊಮ್ಮಗ ಇಬ್ಬರೂ ಓಡಿಬಂದು ನನಗೆ ಸುದ್ದಿ ಹೇಳಿದರು. ತಂದೆಯವರು ಇದ್ದಿದ್ದರೆ ಪತ್ರಿಕೆಯ ಮರೆಯಲ್ಲಿ ಮುಗುಳ್ನಗುತ್ತಿದ್ದರೋ ಏನೋ.

ತಂದೆಯವರನ್ನು ದೂರಲು ನಾನು ಇದನ್ನು ಬರೆದದ್ದಲ್ಲ. ಅವರು ಕಂಡ ಬಡತನ, ಅವರು ಹೊತ್ತ ಸಂಸಾರ ಅವರಿಗೆ ಗೊತ್ತಿತ್ತು; ಬೇಡವೆಂದದ್ದು ಅವರ ತೀರ್ಮಾನ. ಆದರೆ ಬೇಡವೆನ್ನುವಾಗಲೂ ‘ಚೆನ್ನಾಗಿದೆ’ ಎನ್ನಬಹುದಲ್ಲ. ಕಲ್ಕತ್ತೆಯ ಆ ವೃದ್ಧರ ಬಳಿ ಆಸ್ತಿಯಿರಲಿಲ್ಲ, ಊರೂ ಉಳಿದಿರಲಿಲ್ಲ. ಮೆಚ್ಚಿದ್ದನ್ನು ಮೆಚ್ಚಿದೆವೆಂದು ಹೇಳುವ ಬಾಯಿಯಿತ್ತು. ಆ ಒಂದರಿಂದಲೇ ಒಬ್ಬ ಬರಿಗಾಲಿನ ಆಟಗಾರ ಅವರಲ್ಲಿ ಮೂರು ತಲೆಮಾರು ಬದುಕಿದ. ವಾಚಕ ಬಂಧುಗಳಲ್ಲಿ ನನ್ನ ಕೋರಿಕೆ ಇಷ್ಟೇ: ನಿಮ್ಮ ಮನೆಯಲ್ಲಿಯೂ ಯಾರದ್ದೋ ಹೆಸರಿಗೆ ಬಂದ ಒಂದು ಒಳ್ಳೆಯ ಮಾತು ನಿಮ್ಮ ಬಳಿ ಉಳಿದಿರಬಹುದು. ಇಂದು ಸಂಜೆಯೇ ಅವರನ್ನು ಕರೆದು ಒಪ್ಪಿಸಿಬಿಡಿ.